ನಿಮ್ಮ ಸುತ್ತುಗಳನ್ನು ಅಳಿಸಿದವಳು ನಾನೇ

ಮಹೆಬೂಬ್ ಚಾಚಾ, ನಿಮ್ಮ ಲ್ಯಾಬಿನ ಶಿವಲೀಲಾಳ ಸಲಾಮು.

ಹೇಗಿದ್ದೀರಿ ಎಂದು ಕೇಳುವಂತಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲೂ ಆಗುತ್ತಿಲ್ಲ. ಸುಸ್ತಾಗಿದೆ ಚಾಚಾ. ಕಾಲೇಜಿನ ಪ್ರಾಜೆಕ್ಟ್ ಮುಗಿದರೂ ಸುಸ್ತು ಮುಗಿದಿಲ್ಲ. ನರೋಣಾದಲ್ಲಿ ಬಸ್ ಹತ್ತಿದ ಕೂಡಲೇ ಕಣ್ಣು ಮುಚ್ಚುತ್ತದೆ, ಆಳಂದ ಬಂತು ಅಂತ ಕಂಡಕ್ಟರೇ ಎಬ್ಬಿಸಬೇಕು. ಆದರೆ ನಿಮ್ಮೆದುರು ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಅದಕ್ಕೇ ಬರೆಯಲು ಕೂತೆ.

ಮೊದಲ ದಿನ ನೆನಪಿದೆಯಾ? ನಾನು, ಜೇವರ್ಗಿಯ ಸಂಗಮೇಶ, ಅಫಜಲಪುರದ ಸವಿತಾ, ಮೂವರೂ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಕಾರನ್ನು ನೆಲದ ಮೇಲಿಟ್ಟು ತಲೆ ಕೆರೆದುಕೊಳ್ಳುತ್ತಿದ್ದೆವು. ಡ್ರೈವರ್ ಇಲ್ಲದೆ ಅದು ತಾನೇ ಓಡಬೇಕು. ಅದಕ್ಕೂ ಮೊದಲು ಯಾರಾದರೂ ರಿಮೋಟ್ ಹಿಡಿದು ಓಡಿಸಿ ತೋರಿಸಬೇಕು. ಮುಂದಿನ ಕ್ಯಾಮೆರಾ ದಾರಿ ನೋಡುತ್ತದೆ, ಓಡಿಸುವವರ ಕೈ ಎಲ್ಲಿ ಎಷ್ಟು ತಿರುಗಿತು ಎಂದು ಗುರುತು ಇಟ್ಟುಕೊಳ್ಳುತ್ತದೆ, ಆಮೇಲೆ ಅದೇ ಕೈಯನ್ನು ನಕಲು ಮಾಡುತ್ತದೆ. ನಮ್ಮ ಕೈಗಳೋ, ನೆಟ್ಟಗೆ ನಾಲ್ಕು ಮಾರು ಓಡಿಸಲಿಲ್ಲ. ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದ ನೀವು ನಕ್ಕಿರಿ. "ಕೊಡ್ರಿ ಇಲ್ಲಿ. ಈ ಅಟೆಂಡರ್ ನೌಕರಿಕಿಂತ ಮೊದ್ಲು ಇಪ್ಪತ್ತು ವರ್ಷ ಆಳಂದ-ಖಜೂರಿ ಸವಾರಿ ಜೀಪ್ ಓಡಿಸೇನಿ. ಈ ಮರಿ ಓಡಸಾಕ ಬರೂದಿಲ್ಲೇನು ನನಗ?"

ಆಮೇಲೆ ಸಂಗಮೇಶ ಒಂದು ರಟ್ಟಿನ ಡಬ್ಬಿಯನ್ನು ಲಾರಿ ಅಂತ ಎದುರಿನಿಂದ ಎಳೆದು ತಂದ ದಿನ. ನೀವು ಎಡಗಡೆಯ ಗಾಲಿಗಳನ್ನು ದಾರಿಯಂಚಿಗೆ ಎಳೆದ ಬಿಳಿ ಗೆರೆಯಿಂದ ಕೆಳಗಿಳಿಸಿ, ಡಬ್ಬಿಯನ್ನು ಹೋಗಗೊಟ್ಟು, ಮತ್ತೆ ಮೇಲೆ ಹತ್ತಿಸಿದಿರಿ. ಸಂಗಮೇಶ ಬಾಯಿ ಬಾಯಿ ಬಡಿದುಕೊಂಡ. "ಚಾಚಾ, ಗೆರಿ ದಾಟಬ್ಯಾಡ್ರಿ, ಮಾರ್ಕ್ಸ್ ಹೋಗ್ತಾವ!" ನೀವು ತಲೆ ಎತ್ತಲೂ ಇಲ್ಲ. "ಎದುರಿನವಗ ದಾರಿ ಕೊಟ್ರ ಯಾರು ಮಾರ್ಕ್ಸ್ ಕಡಿತಾರ ಬೇಟಾ? ಖಜೂರಿ ದಾರ್ಯಾಗ ಹಿಂಗ ಇಳೀಲಿಲ್ಲಂದ್ರ ನಾ ಇಲ್ಲಿ ಇರ್ತಿದ್ದಿಲ್ಲ." ಇಂಥ ಸುತ್ತು ಎಷ್ಟು ಹಾಕಿದಿರೋ, ಎಲ್ಲವೂ ಒಂದು ಮೆಮೊರಿ ಕಾರ್ಡಿನಲ್ಲಿದ್ದವು.

ಒಂದು ಸೋಮವಾರ ಲ್ಯಾಬಿನ ಬೀಗ ಬೇರೆ ಯಾರೋ ತೆಗೆದರು. ಎದೆನೋವು ಅಂದಿರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ… ನಲವತ್ತನೇ ದಿನದ ಪ್ರಾರ್ಥನೆಗೆ ಖಜೂರಿಗೆ ಹೋದಾಗ ಚಾಚಿ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. "ನನ್ನ ಡ್ರೈವಿಂಗ್ ಆ ಕಾರಿನಾಗ ಹೋಗೇದ ಅಂತಿದ್ರು ಬೇಟಿ. ಒಮ್ಮೆ ತಂದು ತೋರಸ್ತಿ?" ತರ್ತೇನ್ರಿ ಚಾಚಿ, ಅಂದೆ. ಮತ್ತೇನು ಅನ್ನಲಿ?

ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಕಾರು ತಾನೇ ಓಡಿತು, ಡಬ್ಬಿ ಕಂಡಿತು, ಥೇಟ್ ನಿಮ್ಮ ಹಾಗೆ ಗೆರೆ ಬಿಟ್ಟು ಇಳಿಯಿತು. ಗೆರೆ ದಾಟಿದರೆ ಫೇಲು. ಎದುರು ಏನಾದರೂ ಬಂದರೆ ನಿಲ್ಲುವಂತೆ ಹೊಸದಾಗಿ ಕಲಿಸಿ ಅಂದರು ಗೈಡ್ ಸರ್. ಸವಿತಾಳಿಗೆ ಜ್ವರ, ಓಡಿಸಲು ನಾನೇ ಕೂತೆ. ಅರ್ಧಕ್ಕೆ ಕಾರ್ಡ್ ತುಂಬಿತು. ಇನ್ನೊಂದು ಕಾರ್ಡಿಗೆ ಬಜಾರ್ ಹತ್ತು ನಿಮಿಷದ ದಾರಿ. ಸಂಗಮೇಶ ಟೇಬಲ್ ಮೇಲೆ ತಲೆಯಿಟ್ಟೇ ಹೇಳಿದ, "ಚಾಚಾಂದು ಅಳಸಬ್ಯಾಡ ಬೇ, ಸ್ವಲ್ಪ ತಡಿ, ನಾ ಹೋಗಿ ತರ್ತೇನಿ." ನಾನು ಕಾಯಲಿಲ್ಲ. ನಿಮ್ಮ ಮೇಲೆ ಸಿಟ್ಟಿರಲಿಲ್ಲ, ಮರೆವೂ ಅಲ್ಲ. ಸಾಕಾಗಿತ್ತು, ಅಷ್ಟೇ. ಡಿಲೀಟ್ ಒತ್ತಿಬಿಟ್ಟೆ. ನಿಮ್ಮ ಸುತ್ತುಗಳೆಲ್ಲ ಹೋದವು.

ಪರೀಕ್ಷೆಯಲ್ಲಿ ಕಾರು ಗೆರೆ ದಾಟಲಿಲ್ಲ. ಡಬ್ಬಿ ಕಂಡಲ್ಲೆಲ್ಲ ಗಕ್ಕನೆ ನಿಂತಿತು. ಪೂರ್ತಿ ಮಾರ್ಕ್ಸ್ ಕೊಟ್ಟರು. ಸವಿತಾ ಪೇಡೆ ಹಂಚಿದಳು. ನನಗೆ ತಿನ್ನಲಾಗಲಿಲ್ಲ.

ಮೊನ್ನೆ ಭಾನುವಾರ ಕಾರನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ನಿಮ್ಮ ಮನೆಗೆ ಹೋದೆ. ಅಂಗಳದಲ್ಲಿ ಬೂದಿಯಿಂದ ಗೆರೆ ಎಳೆದು ಕಾರನ್ನು ಓಡಲು ಬಿಟ್ಟೆ. ಚಾಚಿ ಎದುರಿಗೆ ಒಂದು ತಂಬಿಗೆ ಇಟ್ಟರು. ಕಾರು ಬಂದು ಅದರ ಮುಂದೆ ನಿಂತಿತು. "ಹಿಂಗ ಓಡಸ್ತಿದ್ರಾ?" ಎಂದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು, ಆದರೆ ಆ ಮುಖ ನೋಡಿಕೊಂಡು… ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡೆ. ಚಾಚಿ ಬಗ್ಗಿ ಕಾರಿನ ಮೇಲಿನ ಬೂದಿ ಒರೆಸಿದರು. "ಅವರು ಹೆಂಗ ಓಡಸ್ತಿದ್ರೋ ನನಗೇನು ಗೊತ್ತು ಬೇಟಿ? ಒಂದ್ ದಿನಾನೂ ಆ ಜೀಪಿನಾಗ ಕುಂತಿಲ್ಲ ನಾ. ಯಾವಾಗ್ಲೂ ಸವಾರಿ ಮಂದಿ ತುಂಬಿರ್ತಿದ್ರು. ಖಾಲಿ ಇದ್ದ ದಿನ ಕೇಳೂಣು ಅಂತ ಇದ್ದೆ."

ನಿಮಗೆ ಇದು ಗೊತ್ತಿತ್ತಾ ಚಾಚಾ? ಇಪ್ಪತ್ತು ವರ್ಷ ಊರವರನ್ನೆಲ್ಲ ಹತ್ತಿಸಿಕೊಂಡಿರಲ್ಲ, ಒಂದು ಸಲ ಅವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡಿದ್ದರೆ ಏನಾಗುತ್ತಿತ್ತು? ನನಗೆ ನಿಮ್ಮ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಕಾರಿನ ಬುದ್ಧಿಯನ್ನು ಬಂದ್ ಮಾಡಿ ರಿಮೋಟ್ ಕೈಗೆ ತಗೊಂಡೆ. ತಂಬಿಗೆ ಹತ್ತಿರ ಬಂದಾಗ ಎಡಗಡೆಯ ಗಾಲಿಗಳನ್ನು ಮಣ್ಣಿಗಿಳಿಸಿ, ದಾಟಿಸಿ, ಮೇಲೆ ಹತ್ತಿಸಿದೆ. "ಹಿಂಗ್ರಿ ಚಾಚಿ. ಹಿಂಗ ಓಡಸ್ತಿದ್ರು." ಅವರು ಎದ್ದು ಹೋಗಿ ತಂಬಿಗೆಯನ್ನು ಬೇರೆ ಕಡೆ ಇಟ್ಟು ಬಂದು ಕೂತರು. "ಮತ್ತೊಮ್ಮೆ." ಬ್ಯಾಟರಿ ಖಾಲಿಯಾಗುವ ತನಕ ಹೀಗೇ ನಡೆಯಿತು. ನನ್ನ ಕೈ ನಿಮ್ಮಷ್ಟು ನಯವಿಲ್ಲ. ಎರಡು ಸಲ ತಂಬಿಗೆ ಉರುಳಿಸಿದೆ.

ಬರುವ ಭಾನುವಾರ ಚಾರ್ಜ್ ಮಾಡಿಕೊಂಡು ಮತ್ತೆ ಹೋಗುತ್ತೇನೆ ಚಾಚಾ, ಎಷ್ಟೇ ಸುಸ್ತಾಗಿದ್ದರೂ. ಈ ಸಲ ರಿಮೋಟ್ ತಮ್ಮ ಕೈಗೆ ಕೊಡಬೇಕು ಅಂದಿದ್ದಾರೆ ಚಾಚಿ.