ಏಳನೆಯ ಕುಟುಂಬದ ಪಾಲು

ಮುಂಬಯಿಯ ರಕ್ತ ಸಂಶೋಧನಾ ಸಂಸ್ಥೆಯೊಂದರ ನಿರ್ದೇಶಕರಿಗೆ

ಮಾನ್ಯರೇ,

ನನ್ನ ತಂಗಿಯ ಕಿರಿಯ ಮಗ ಐತನ ಮುಂದಿನ ಹಾಲುಹಲ್ಲು ಅಲುಗಾಡುತ್ತಿದೆ. ಅವನ ರಕ್ತ ನಿಮ್ಮ ಸಂಸ್ಥೆಯಲ್ಲಿದೆ. ಅದರ ಗುಣವೇನೆಂಬುದು ನಿಮಗೆ ಗೊತ್ತು, ನಮಗೆ ಗೊತ್ತಿಲ್ಲ. ಕೇಳಲು ಬಂದರೆ, ಲಂಡನ್ನಿನ ಪತ್ರಿಕೆಯಲ್ಲಿ ಪ್ರಬಂಧ ಅಚ್ಚಾಗುವವರೆಗೆ ಕಾಯಿರಿ ಎನ್ನುತ್ತೀರಿ. ನಾವೇನೋ ಕಾಯಬಹುದು ಸ್ವಾಮಿ. ಆದರೆ ಹಲ್ಲಿಗೆ ಇಂಗ್ಲಿಷ್ ಬರುವುದಿಲ್ಲ. ಅದನ್ನು ಒಪ್ಪಿಸುವವರು ಯಾರು?

ಈ ಬಹಿರಂಗ ಪತ್ರವನ್ನು ಅಚ್ಚುಹಾಕಿದ ಮಾಸಿಕದಲ್ಲಿ ನಾನು ಹಾಸ್ಯ ಬರೆಯುವವನು, ಅದರ ಓದುಗರಿಗೆ ನನ್ನ ಹೆಸರು ಕಂಡೊಡನೆ ನಗುವ ಅಭ್ಯಾಸವಿದೆ. ಈ ಸಲ ತುಸು ತಡೆದುಕೊಳ್ಳಲಿ.

ಮೂರು ವರ್ಷಗಳ ಹಿಂದೆ ನಿಮ್ಮ ಸಂಸ್ಥೆಯ ಅನುವಂಶಶಾಸ್ತ್ರಜ್ಞ ಡಾಕ್ಟರು ಮಾಟುಂಗದ ನಮ್ಮ ಕನ್ನಡ ಸಂಘಕ್ಕೆ ಬಂದು ಕರಾವಳಿಯ ಕುಟುಂಬಗಳ ರಕ್ತ ಸಂಗ್ರಹಿಸಿದರು. ಸಂಘದವರು ಬಂದವರಿಗೆಲ್ಲ ಉಪ್ಪಿಟ್ಟು ಮಾಡಿಸಿದ್ದರು. ರಕ್ತವೂ ನಮ್ಮದು, ಉಪ್ಪಿಟ್ಟೂ ನಮ್ಮದು, ಸೂಜಿ ಮಾತ್ರ ಸರಕಾರದ್ದು. ನಾನು ಬಿ.ಎ. ಓದಿದವನೆಂದು ನನ್ನನ್ನು ದುಭಾಷಿಯಾಗಿ ಕೂರಿಸಿದರು. ಸರದಿಯಲ್ಲಿ ನನ್ನ ತಾಯಿ ಅಕ್ಕು ಬಂದಳು. ಡಾಕ್ಟರು ಅವಳ ತಂದೆಯ ಮನೆತನದಿಂದ ಆರಂಭಿಸಿದರು.

"ಅಪ್ಪನ ಕಡೆಯವರದ್ದು ನಂಗೆಂತಕ್ಕೆ ಮಾರಾಯ? ಅವರದ್ದು ಅವರು ಹೇಳ್ಲಿ. ನಮ್ಮ ಕುಟುಂಬದ್ದು ಬರ್ಕೊಳ್ಳಿಕ್ಕೆ ಹೇಳು. ಸತ್ತವರನ್ನೂ ಬಿಡ್ಲಿಕ್ಕಿಲ್ಲ."

"ಸತ್ತವರು ಯಾಕಮ್ಮಾ?"

"ನಾಳೆ ಪಾಲು ಆಗುವಾಗ ಒಬ್ಬನ ಹೆಸರು ಬಿಟ್ಟುಹೋಯ್ತು ಅಂತ ತಕರಾರು ಬೇಡ. ನೀನು ಕಲಿತವ, ನಿಂಗೆ ಇದೆಲ್ಲ ಗೊತ್ತಾಗುದಿಲ್ಲ."

ನಮ್ಮದು ಅಳಿಯಸಂತಾನ. ಕುಟುಂಬ ಬೆಳೆಯುವುದು ತಾಯಿಯಿಂದ ಮಗಳಿಗೆ, ಹಕ್ಕು ಹೋಗುವುದು ಸೋದರಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ. ತಂದೆಯ ಕಡೆಯವರು ನೆಂಟರು ಅಷ್ಟೆ. ನಮ್ಮ ಊರಲ್ಲಿ ಅಪರಿಚಿತನೊಬ್ಬ ಬಂದು ತಾಯಿ ಕಡೆಯವರ ಹೆಸರು ಕೇಳಿದನೆಂದರೆ ಆಸ್ತಿಯ ಪಾಲಿಗೆ ಬಂದ ವಕೀಲನೆಂದೇ ಅರ್ಥ. ಅಕ್ಕು ನಿಮ್ಮ ಬಿಳಿ ಕೋಟನ್ನು ಕರಿ ಕೋಟಿನ ಒಗೆದ ರೂಪವೆಂದು ತಿಳಿದಳು. ಇದು ಪಾಲಿನ ವಿಷಯವಲ್ಲ, ಬರೀ ವಿಜ್ಞಾನ ಎಂದೆ. "ಪಾಲಿಲ್ಲದೆ ಇಷ್ಟು ದೊಡ್ಡ ಜನ ನಮ್ಮ ಹೆಸರು ಯಾಕೆ ಬರೀತಾರೆ?" ಎಂದಳು.

ಅವಳು ತನ್ನ ಅಜ್ಜಿಯ ಅಜ್ಜಿಯವರೆಗೆ ಹೇಳಿದಳು. ತೊಟ್ಟಿಲಲ್ಲಿ ಹೋದ ಕೂಸುಗಳನ್ನೂ ಬಿಡಲಿಲ್ಲ. ಅವಳ ಅಣ್ಣ ಕೊರಗಪ್ಪ ಕತ್ತಿ ತಾಗಿ ರಕ್ತ ಹೋಗಿ ಸತ್ತದ್ದು, ಅವಳ ಸೋದರಮಾವನೊಬ್ಬ ಮರದಿಂದ ಜಾರಿ ಮೊಣಕಾಲು ಊದಿ ಸತ್ತದ್ದು, ಎಲ್ಲ ಬಂತು. ನಮಗೆ ಅವು ಬೇರೆ ಬೇರೆ ಸಾವು: ಒಂದಕ್ಕೆ ಕತ್ತಿ ಕಾರಣ, ಇನ್ನೊಂದಕ್ಕೆ ಮರ. ಡಾಕ್ಟರು ಮಾತ್ರ ಕುರ್ಚಿಯ ತುದಿಗೆ ಸರಿದು ಬರೆಯುತ್ತಿದ್ದರು.

ಯಾಕೆಂದು ಈಗ ಗೊತ್ತಾಗಿದೆ. ಗಾಯವಾದರೆ ರಕ್ತ ಹೆಪ್ಪುಗಟ್ಟದ ಆ ರೋಗ ಹೆಣ್ಣಿನ ಮೂಲಕ ಹರಿದು ಗಂಡಿನಲ್ಲಿ ಕಾಣಿಸಿಕೊಳ್ಳುತ್ತದೆ. ತಾಯಿಗೆ ಏನೂ ಆಗುವುದಿಲ್ಲ, ಮಾವನಿಗಿದ್ದದ್ದು ಅಳಿಯನಿಗೆ ಬರುತ್ತದೆ. ನಮ್ಮ ಹಿರಿಯರ ಕಾನೂನನ್ನು ಓದಿಕೊಂಡೇ ಹುಟ್ಟಿದ ರೋಗ! ಉಳಿದ ಜನರಲ್ಲಿ ಮದುವೆಯಾದ ಮಗಳೊಂದಿಗೆ ಹೆಣ್ಣಿನ ಕಡೆಯ ಹೆಸರುಗಳೂ ಮನೆಬಿಟ್ಟು ಹೋಗುತ್ತವೆ. ನಮ್ಮಲ್ಲಿ ಆ ಹೆಸರುಗಳೇ ಮನೆತನ. ಹೀಗಾಗಿ ನಿಮ್ಮ ಡಾಕ್ಟರಿಗೆ ಜಗತ್ತಿನಲ್ಲಿ ಯಾರಿಗೂ ಸಿಗದ ವಂಶವೃಕ್ಷ ಒಂದು ತಟ್ಟೆ ಉಪ್ಪಿಟ್ಟಿನ ಹೊತ್ತಿನಲ್ಲಿ ಸಿಕ್ಕಿತು. ಮರುವರ್ಷವೇ ಪ್ರಬಂಧ ಪ್ರಕಟವಾಯಿತು. ನಮಗೆ ಮಾತ್ರ ಪ್ರಕಟವಾಗಲಿಲ್ಲ.

ಅದರ ಮುಂದಿನ ವರ್ಷ ನನ್ನ ತಂಗಿ ನೀಲಾವತಿಯ ಹಿರಿಯ ಮಗ ಚೆನ್ನಯನಿಗೆ ಹಲ್ಲುನೋವು ಬಂತು. ಸಂಘದಲ್ಲಿ ಅಂದು ನನ್ನ ಜೊತೆ ಅವನೂ ರಕ್ತ ಕೊಟ್ಟಿದ್ದ; ಐತನನ್ನು ತೀರ ಚಿಕ್ಕವನೆಂದು ಬಿಟ್ಟಿದ್ದರು. ಅವರು ಜೋಗೇಶ್ವರಿಯ ಚಾಳಿನಲ್ಲಿರುವವರು. ಗಂಡ ಕಾಂತಪ್ಪ ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಅಡುಗೆಯವನು. ಸ್ಟೇಷನ್ ಪಕ್ಕದ ಹಲ್ಲಿನ ಡಾಕ್ಟರು ಹಲ್ಲು ಕಿತ್ತು, ಹತ್ತಿ ಇಟ್ಟು, ಐಸ್‌ಕ್ರೀಮ್ ತಿನ್ನು ಎಂದು ಕಳುಹಿಸಿದರು. ರಕ್ತ ಮರುದಿನವೂ ನಿಲ್ಲಲಿಲ್ಲ. ದಿನವೂ ಹಂಡೆಗಟ್ಟಲೆ ಹಾಲಿಗೆ ಹೆಪ್ಪು ಹಾಕುವ ಕಾಂತಪ್ಪನ ಮನೆಯಲ್ಲಿ ಒಂದು ಹಲ್ಲಿನ ಗುಣಿಯಷ್ಟು ರಕ್ತ ಹೆಪ್ಪುಗಟ್ಟಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

"ಬಾಯಿ ಮುಚ್ಕೋ ಮಗಾ, ರಕ್ತ ನಿಲ್ತದೆ ಅಂತ ನಾನೇ ಹೇಳಿದೆ ಅಣ್ಣಾ," ಎಂದಳು ನೀಲಾವತಿ. "ಮುಚ್ಕೊಂಡ. ನುಂಗ್ತಾ ಇದ್ದ. ಎಷ್ಟು ನುಂಗಿದ ಅಂತ ನಂಗೆ ಗೊತ್ತೇ ಆಗ್ಲಿಲ್ಲ."

ಇಡೀ ಚಾಳು ಹಲ್ಲಿನ ಡಾಕ್ಟರನ್ನು ಬೈಯಿತು. ಕಾಂತಪ್ಪ ಅವರ ಕುರ್ಚಿಯನ್ನು ಎತ್ತಿ ರಸ್ತೆಗೆ ಎಸೆದ. ಆ ಬಡಪಾಯಿ ಜೋಗೇಶ್ವರಿಯನ್ನೇ ಬಿಟ್ಟುಹೋದರು. ಕೆಲವು ತಿಂಗಳ ಮೇಲೆ ನಿಮ್ಮವರು ಬಂದು, ಸಾವಿನ ಸುದ್ದಿ ಕೇಳಿ ನಾಲಿಗೆ ಲೊಚಗುಟ್ಟಿ, ಐತನ ರಕ್ತ ತೆಗೆದುಕೊಂಡು ಹೋದರು. ಯಾಕೆಂದು ಕೇಳಿದ್ದಕ್ಕೆ ಅಭ್ಯಾಸಕ್ಕೆ ಎಂದರಂತೆ. ನಿಜ, ನಿಮಗೆ ಅದು ಅಭ್ಯಾಸವೇ ಆಗಿದೆ.

ಕಳೆದ ತಿಂಗಳು ಸಂಘದಲ್ಲಿ ನಿಮ್ಮ ಡಾಕ್ಟರಿಗೆ ಸನ್ಮಾನ. ಕೋಪನ್‌ಹೇಗನ್ನಿನ ಪಂಡಿತರು ಅವರ ಪ್ರಬಂಧವನ್ನು ಉಲ್ಲೇಖಿಸಿದ್ದಾರೆ, ಬೋಸ್ಟನ್ನಿನವರು ಅದರ ಹಾದಿಯಲ್ಲೇ ಸಂಶೋಧನೆ ಹೂಡಿದ್ದಾರೆ ಎಂದು ಅಧ್ಯಕ್ಷರು ಹೇಳಿದಾಗ ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ಕಾಂತಪ್ಪನೂ ಇದ್ದ. ಪ್ರಬಂಧದ ಪ್ರತಿಗಳನ್ನು ಹಂಚಿದರು. ನಾನು ಹಾಳೆ ತಿರುವಿದೆ. 'ಕುಟುಂಬ ಏಳು' ಎಂಬ ಚಿತ್ರ. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ರೋಗವಿದ್ದರೆ ಚೌಕಕ್ಕೆ ಮಸಿ. ಮೇಲೆ ಅಕ್ಕುವಿನ ಅಜ್ಜಿಯ ಅಜ್ಜಿ. ನಡುವೆ ಕತ್ತಿಯ ಕೊರಗಪ್ಪ, ಕಪ್ಪು. ನಾನು ಬಿಳಿ. ನೀಲಾವತಿಯ ವೃತ್ತದ ಕೆಳಗೆ ಎರಡು ಚೌಕ: ಕಿರಿಯವನದರಲ್ಲಿ ಪ್ರಶ್ನಾರ್ಥಕ ಚಿಹ್ನೆ, ಇನ್ನೊಂದು ಕಪ್ಪು. ಆ ಕಪ್ಪು ಅಚ್ಚಾದಾಗ ಚೆನ್ನಯ ಚಾಳಿನ ಅಂಗಳದಲ್ಲಿ ಗೋಲಿ ಆಡುತ್ತಿದ್ದ. ಪುಟದ ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿ: 'ಹಿರಿಯ ಹುಡುಗನಲ್ಲಿ ರೋಗ ಸೌಮ್ಯ ಸ್ವರೂಪದ್ದು. ಕುಟುಂಬದವರಿಗೆ ಇದರ ಅರಿವಿಲ್ಲ.'

ಅರಿವಿಲ್ಲ! ಮಾನ್ಯರೇ, ನಮ್ಮ ಅಜ್ಞಾನವನ್ನೂ ನೀವು ರೋಗಲಕ್ಷಣವೆಂದು ದಾಖಲಿಸಿದಿರಾ? ಅದಕ್ಕೆ ಔಷಧ ನಿಮ್ಮ ಕೈಯಲ್ಲೇ ಇತ್ತಲ್ಲ? ಒಂದು ಪೋಸ್ಟ್‌ಕಾರ್ಡ್ ಸಾಕಿತ್ತು: 'ಈ ಹುಡುಗನ ಹಲ್ಲು ಕೀಳಿಸಬೇಡಿ. ಕೀಳಿಸಲೇಬೇಕಾದರೆ ಹೊಸ ರಕ್ತ ಸಿದ್ಧವಿರುವ ದೊಡ್ಡ ಆಸ್ಪತ್ರೆಗೆ ಹೋಗಿ.' ನಮ್ಮ ಮನೆಯ ಸುದ್ದಿ ಕೋಪನ್‌ಹೇಗನ್ ತಲುಪಿತು. ಜೋಗೇಶ್ವರಿಗೆ ನಿಮ್ಮಲ್ಲಿ ಅಂಚೆ ಇಲ್ಲವೇ? ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ನಾವು ಮೂರು ತಲೆಮಾರು ಕತ್ತಿಯನ್ನೂ ಮರವನ್ನೂ ದೂರಿದೆವು, ನಿಮ್ಮ ಡಾಕ್ಟರು ಒಂದೇ ಹಾಳೆಯಲ್ಲಿ ನಿಜ ಕಂಡರು. ಕಂಡದ್ದನ್ನು ಯಾರಿಗೆ ಮೊದಲು ಹೇಳಬೇಕು ಎಂಬಲ್ಲಿ ಅವರ ವಿದ್ಯೆ ಮುಗಿಯಿತು. ಅವರ ಪ್ರಬಂಧದ ಪ್ರಭಾವ ದೊಡ್ಡದೆಂದು ಎಲ್ಲರೂ ಹೇಳುತ್ತಾರೆ. ಅದರ ಪ್ರಭಾವವನ್ನು ಅಳೆಯಲು ಬೋಸ್ಟನ್ನಿಗೆ ಯಾಕೆ ಹೋಗಬೇಕು? ನನ್ನ ತಂಗಿಯ ಮನೆಯಲ್ಲಿ ಖಾಲಿ ಉಳಿದ ಮಣೆಯನ್ನು ನೋಡಿದರೆ ಸಾಲದೆ?

ಮರುದಿನವೇ ನಾನು ನಿಮ್ಮ ಕಚೇರಿಗೆ ಬಂದೆ. ಐತನ ಫಲಿತಾಂಶ ಎರಡನೆಯ ಪ್ರಬಂಧದಲ್ಲಿದೆ, ಅದು ಲಂಡನ್ನಿಗೆ ಹೋಗಿದೆ ಎಂದು ತಿಳಿಯಿತು. ನಿಮ್ಮ ಗುಮಾಸ್ತ, ಧಾರವಾಡ ಕಡೆಯ ಗದಿಗೆಪ್ಪನವರು, ಕುರ್ಚಿ ಕೊಟ್ಟು ಚಹಾ ತರಿಸಿದರು.

"ಏನ್ ಮಾಡೂದ್ರೀ ಸರ, ಪೇಪರ್ ಪ್ರಿಂಟ್ ಆಗೂತನಾ ಯಾರಿಗೂ ಹೇಳಬ್ಯಾಡ್ರಿ ಅಂತ ಸಾಹೇಬ್ರ ಆರ್ಡರ್ ಐತ್ರೀ. ಮೊದಲ ಹೊರಗ ಬಂದ್ರ ಪತ್ರಿಕೆಯವರು ತಗೊಳ್ಳಂಗಿಲ್ಲಂತ."

"ಹುಡುಗನ ಹಲ್ಲು ಅಲುಗುತ್ತಿದೆಯಲ್ಲ ಗದಿಗೆಪ್ಪನವರೇ?"

ಅವರು ಚಹಾವನ್ನು ಬಸಿಗೆ ಬಗ್ಗಿಸಿ ನನ್ನತ್ತ ಸರಿಸಿದರು. "ನನಗೂ ಮಕ್ಕಳದಾವ್ರೀ," ಎಂದರು. ಫಲಿತಾಂಶ ಇರುವುದು ನಿಮ್ಮ ಕಪಾಟಿನಲ್ಲಿ, ಕೀಲಿ ಇರುವುದು ನಿಮ್ಮ ಬಳಿ.

ಬೇರೆ ಆಸ್ಪತ್ರೆಗೂ ಹೋದೆವು. ಸಾಮಾನ್ಯ ಪರೀಕ್ಷೆಯಲ್ಲಿ ಸೌಮ್ಯ ರೋಗ ತಿಳಿಯುವುದಿಲ್ಲ, ಆ ವಿಶೇಷ ಪರೀಕ್ಷೆ ನಿಮ್ಮಲ್ಲಿ ಮಾತ್ರ ಇದೆ ಎಂದು ನಿಮ್ಮ ಬಾಗಿಲನ್ನೇ ತೋರಿಸಿದರು.

ಈಗ ನೀಲಾವತಿ ಐತನಿಗೆ ಗಂಜಿ ಬಿಟ್ಟು ಬೇರೇನೂ ಕೊಡುವುದಿಲ್ಲ. ಅವನು ನಾಲಿಗೆಯಿಂದ ಹಲ್ಲನ್ನು ತಳ್ಳಿ ಆಡುತ್ತಾನೆ. "ತೆಗೀ ನಾಲಗೆ!" ಎಂದು ಅವಳು ಕಿರುಚುತ್ತಾಳೆ. ಹಲ್ಲು ಬಿದ್ದರೆ ಛಾವಣಿಗೆ ಎಸೆದು ಹೊಸ ಹಲ್ಲು ಬೇಡುವ ವಯಸ್ಸಿನ ಮಗು, ತನ್ನ ಹಲ್ಲು ಕಂಡು ಅಮ್ಮ ಯಾಕೆ ಅಳುತ್ತಾಳೆಂದು ತಿಳಿಯದೆ ಬಾಯಿ ಮುಚ್ಚಿ ಕೂರುತ್ತದೆ. ಅದು ಬಾಯಿ ಮುಚ್ಚಿದರೆ ಅವಳಿಗೆ ಇನ್ನೂ ಭಯ.

ನನ್ನ ಕೇಳಿಕೆ ಸಣ್ಣದು. ಐತನ ಚೌಕ ಕಪ್ಪೋ ಬಿಳಿಯೋ, ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ತಿಳಿಸಿ. ಉಳಿದ ಕುಟುಂಬಗಳಿಗೂ ಅವರವರ ಭಾಷೆಯಲ್ಲಿ ಹೇಳಿಕಳುಹಿಸಿ, ಆಮೇಲೆ ಲಂಡನ್ನಿಗೆ ಬರೆಯಿರಿ. ನಾನು ಮನೆಗೆ ಹೋದಾಗಲೆಲ್ಲ ಅಕ್ಕು ಕೇಳುತ್ತಾಳೆ: "ಆ ಡಾಕ್ಟ್ರು ಅಷ್ಟೆಲ್ಲ ಬರ್ಕೊಂಡು ಹೋದ್ರಲ್ಲ ಮಗಾ, ನಮ್ಮ ಪಾಲು ಬಂತಾ?" ಅವಳದು ತಪ್ಪು ತಿಳಿವಳಿಕೆ ಎಂದು ಅಂದು ನಕ್ಕಿದ್ದೆ. ಈಗ ಅವಳ ಪರವಾಗಿ ನಾನೇ ವಕಾಲತ್ತು ಹಾಕುತ್ತಿದ್ದೇನೆ. ಕೀರ್ತಿಯೆಲ್ಲ ನಿಮಗಿರಲಿ. ನಮ್ಮ ಪಾಲಿಗೆ ಒಂದು ಮಾತು ಬರಬೇಕು, ಹಲ್ಲು ಬೀಳುವ ಮೊದಲು.

ಇಂತಿ,
ಕುಟುಂಬ ಏಳರ ಒಂದು ಬಿಳಿ ಚೌಕ,
ಕಪ್ಪು ಚೌಕದ ಸೋದರಮಾವ,
ಪ್ರಶ್ನಾರ್ಥಕ ಚಿಹ್ನೆಗೂ ಅವನೇ