ಎರಡನೆಯ ಸಹಿ

ಬಾಲಗಾಂವ, ತಾ. ಜತ್ತ
೧೪ ನವೆಂಬರ್ ೨೦೨೪

ಸೃಷ್ಟಿಯ ಅಪ್ಪನವರಿಗೆ ಶಾಂತಾದೇವಿಯ ನಮಸ್ಕಾರ.

ನಾವೆಲ್ಲ ಆರಾಮ ಇದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೇ ಬೀಳುತ್ತೇವೆ. ಅದಕ್ಕೆ ಈ ಪತ್ರ. ಅಲ್ಲಿ ನಿಮ್ಮ ಸಂಗಡ ಇದ್ದು, ಗಾಯವಾಗಿ ತಿರುಗಿ ಬಂದ ವಳಸಂಗದ ಅರಮಾನ ಇದರ ಫೋಟೋ ತೆಗೆದು, ನಿಮ್ಮ ಟುಕಡಿಯಲ್ಲಿ ಉಳಿದಿರುವ ಗೆಳೆಯನ ಮೊಬೈಲಿಗೆ ಕಳಿಸುತ್ತೇನೆ ಅಂದಿದ್ದಾನೆ.

ಈ ತಿಂಗಳ ಮೂವತ್ತಕ್ಕೆ ನಿಮ್ಮ ಕರಾರು ಮುಗಿಯುತ್ತದೆ. ಇನ್ನೊಂದು ವರ್ಷಕ್ಕೆ ಸಹಿ ಮಾಡುತ್ತೇನೆ ಎಂದು ಹೋದ ವಾರ ಹೇಳಿದಿರಿ. ಗೋದಾಮಿನಲ್ಲಿ ಟ್ರಕ್ ಓಡಿಸುವ ಕೆಲಸವೆಂದು ಏಜೆಂಟ ನಿಮ್ಮನ್ನು ರಶಿಯಾಕ್ಕೆ ಕರೆದೊಯ್ದು, ಓದಲು ಬಾರದ ಕಾಗದ ಮುಂದಿಟ್ಟ. ಅದು ಸೈನ್ಯದ ಕಾಗದವೆಂದು ಆಮೇಲೆ ತಿಳಿಯಿತು. ಆ ಸಹಿ ಮೋಸದ್ದು. ಈ ಎರಡನೆಯದನ್ನು ಏನೆನ್ನಲಿ?

"ನಾ ಯಾರನ್ನೂ ಕೊಲ್ಲೂದಿಲ್ಲ. ಗಾಯಾ ಆದವರನ್ನ ಗಾಡ್ಯಾಗ ಹಾಕ್ಕೊಂಡು ಬರ್ತೀನಿ. ನಾ ಬಿಟ್ಟು ಬಂದ್ರ ಅವರನ್ನ ಯಾರು ತರ್ತಾರ?" ಅಂದಿರಿ. ನಾನು ಜಗಳ ಅಲ್ಲಿಗೇ ಬಿಟ್ಟೆ. ಸ್ವಲ್ಪ ಹೆಮ್ಮೆಯೂ ಆಯಿತು.

ಭಾನುವಾರ ಅರಮಾನ ಮನೆಗೆ ಬಂದಿದ್ದ. ಎಡಗಾಲನ್ನು ಇನ್ನೂ ಊರಲಾಗುವುದಿಲ್ಲ. ಚಹಾ ಕೊಟ್ಟು ನಿಮ್ಮ ಗಾಡಿಯ ವಿಷಯ ಕೇಳಿದೆ. ಕಪ್ಪು ಕೆಳಗಿಟ್ಟ.

"ಬರೂವಾಗ ಗಾಯಾ ಆದವರು, ಅದು ಖರೇನ ವೈನಿ. ಹೋಗೂವಾಗ ಗಾಡಿ ಖಾಲಿ ಹೋಗೂದಿಲ್ಲ" ಅಂದ.

"ಏನಿರತೈತಿ?"

"ತೋಪಿನ ಗುಂಡು."

ಇದನ್ನು ನೀವು ನನಗೆ ಹೇಳಿರಲಿಲ್ಲ. ಆ ಗುಂಡು ಯಾರ ಮನೆಯ ಮೇಲೆ ಬಿತ್ತು ಎಂದು ನಿಮಗೂ ಗೊತ್ತಿರಲಿಕ್ಕಿಲ್ಲ. ಆ ಮನೆಯವರಿಗೂ ನಮಗೂ ಏನು ವೈರ? ಅವರ ಭಾಷೆಯಲ್ಲಿ ನೀರು ಬೇಕೆಂದು ಕೇಳಲೂ ನಿಮಗೆ ಬಾರದು.

ಅರಮಾನ ಇನ್ನೂ ಹೇಳಿದ: "ಆ ಹಳ್ಳಿ ಮೂರು ಸಲ ತಗೊಂಡ್ವಿ, ಮೂರು ಸಲ ಬಿಟ್ವಿ. ಈಗ ತಗೊಳ್ಳಾಕ ಅಲ್ಲಿ ಊರೇ ಉಳಿದಿಲ್ಲ. ನಮ್ಮ ಸಂಗಾಟ ಇದ್ದ ರಶಿಯಾದ ಹುಡುಗರಿಗೂ ಇದು ಬ್ಯಾಡಾಗಿತ್ತು. ಬಾಯಿ ಬಿಡಾಕ ಹೆದರತಿದ್ರು."

ಈಗ ನಿಲ್ಲಿಸಿದರೆ ಸತ್ತವರೆಲ್ಲ ಸುಮ್ಮನೆ ಸತ್ತಂತಾಗುತ್ತದೆ ಎಂದು ನೀವು ಅಂದಿದ್ದಿರಿ. ಆ ಮಾತನ್ನು ಮಾವನವರಿಗೆ ಹೇಳಿದೆ. ಅವರು ಸೈನ್ಯದಲ್ಲಿದ್ದಾಗಿನ ತಮ್ಮ ಶ್ರೀಲಂಕಾದ ದಿನಗಳ ಬಗ್ಗೆ ಎಂದೂ ಬಾಯಿ ಬಿಟ್ಟವರಲ್ಲ, ನಿಮಗೇ ಗೊತ್ತು. ಅವತ್ತು ಬಿಟ್ಟರು.

"ನಮ್ಮ ಸಾಹೇಬರೂ ಹಂಗ ಅಂತಿದ್ರು. ಸತ್ತವರ ಸಲುವಾಗಿ ಇನ್ನೊಂದ ತಿಂಗಳು, ಇನ್ನೊಂದ ತಿಂಗಳು. ಕಡೀಕ ಗಂಟು ಕಟ್ಕೊಂಡು ತಿರುಗಿ ಬಂದ್ವಿ. ಆ ಕಡೀ ತಿಂಗಳದಾಗ ನಮ್ಮವರು ನಾಕು ಮಂದಿ ಹೋದ್ರು."

ನೀವೇ ನಿಮ್ಮ ಮಗನಿಗೆ ಫೋನ್ ಮಾಡಿ ಹೇಳ್ರಿ ಎಂದು ಕೈ ಮುಗಿದೆ. "ಅಂವ ಕೇಳೂದಿಲ್ಲ ಬಿಡವಾ. ನಾನೂ ನಮ್ಮಪ್ಪನ ಮಾತು ಕೇಳಿರಲಿಲ್ಲ" ಎಂದು ಎಮ್ಮೆ ಕಟ್ಟಲು ಎದ್ದು ಹೋದರು.

ಗಾಯಾಳುಗಳನ್ನು ಯಾರು ತರುತ್ತಾರೆ ಎಂದು ಕೇಳಿದಿರಿ. ನೀವು ಹೊರಟು ಬಂದ ದಿನ ಯಾರೋ ಒಬ್ಬ ರಸ್ತೆಯಲ್ಲೇ ಉಳಿದಾನು. ಅವನಿಗೂ ತಾಯಿ ಇರುತ್ತಾಳೆ. ಆ ಪಾಪ ನನಗಿರಲಿ, ನೀವು ಬನ್ನಿ.

ಒಂದು ಮಾತು ಒಪ್ಪಿಕೊಳ್ಳಬೇಕು. ನೀವು ಹೊರಡುವಾಗ ನಾನು ಸಿಟ್ಟು ಮಾಡಿಕೊಂಡು ಕರಜಗಿಯಲ್ಲಿ, ತವರಿನಲ್ಲಿ ಕೂತಿದ್ದೆ. ಮೂರು ತಿಂಗಳು ನಿಮ್ಮ ಫೋನ್ ಎತ್ತಲಿಲ್ಲ. ಅಲ್ಲಿ ಜನ ನಿಮ್ಮ ಗಾಡಿಯ ದಾರಿ ಕಾಯುತ್ತಾರೆ ಎನ್ನುವಾಗ ನಿಮ್ಮ ದನಿ ಬೇರೆಯೇ ಆಗುತ್ತದೆ. ಇಲ್ಲಿ ಯಾರೂ ನಿಮ್ಮ ದಾರಿ ಕಾಯುವುದಿಲ್ಲ ಎಂದು ನಿಮಗನ್ನಿಸುವಂತೆ ಮಾಡಿದವಳು ನಾನೇ. ಕಾಯುತ್ತಿದ್ದೆ. ಹೇಳಲಿಲ್ಲ.

ನಿಮ್ಮವಳೇ,
ಶಾಂತಾದೇವಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಅರಮಾನ ಬಂದ. ಆ ಗೆಳೆಯ ತಿಳಿಸಿದ, ನೀವು ಸೋಮವಾರವೇ ಸಹಿ ಮಾಡಿಬಿಟ್ಟಿರಂತೆ. ಆದರೂ ಕಳಿಸುತ್ತಿದ್ದೇನೆ. ನಿಮ್ಮನ್ನು ಬಿಡಿಸಿ ತರಬೇಕೆಂದು ಇವತ್ತು ಮುಂಜಾನೆಯೇ ನಾನು ನಮ್ಮ ಸರಕಾರಕ್ಕೆ ಅರ್ಜಿ ಕೊಟ್ಟೆ. ನೀವು ಬೇಡವೆಂದರೂ ಅಲ್ಲಿಯವರು ಒತ್ತಾಯದಿಂದ ಹಿಡಿದಿಟ್ಟಿದ್ದಾರೆ ಎಂದು ಮರಾಠಿಯಲ್ಲಿ ಬರೆಸಿದ್ದೇನೆ. ಯಾರಾದರೂ ಬಂದು ಖರೆಯೇ ಎಂದು ಕೇಳಿದರೆ, ಹೌದು ಅನ್ನಿ.