ಹಾಲ್‌ಗೆ ಫಿಟಿಂಗ್ ಮಾಡುತ್ತಿರುವ ಅಪ್ಪನಿಗೆ

ಅಪ್ಪಾ,

ಒಂದೇ ಮನೆಯಲ್ಲಿದ್ದುಕೊಂಡು ನಿನಗೆ ಕಾಗದ ಬರೆಯುವ ಗತಿ ಬಂತಲ್ಲ ನನಗೆ! ಬಾಯಿ ತೆರೆದರೆ "ಶ್ಶ್, ಸುಮ್ನಿರು, ಅಳತೆ ತಗೋತಿದೀನಿ" ಅನ್ನುತ್ತೀಯ. ಅದಕ್ಕೇ ಇದನ್ನು ನಿನ್ನ ಸ್ಪೀಕರಿಗೆ ಅಂಟಿಸಿ ಕೆಲಸಕ್ಕೆ ಹೊರಟಿದ್ದೇನೆ. ಅಲ್ಲಾದರೆ ಖಂಡಿತ ನೋಡುತ್ತೀಯ.

ಅಮ್ಮ ಹೋಗಿ ವರ್ಷವಾಯಿತು. ನಾವಿಲ್ಲದಾಗ ಅವಳು ತಾನೇ ಹಾಡಿ ರೆಕಾರ್ಡ್ ಮಾಡಿಟ್ಟ ಆ ಒಂದು ಕ್ಯಾಸೆಟ್ಟನ್ನು ಚೆನ್ನಾಗಿ ಕೇಳಬೇಕೆಂದು ನೀನು ದೊಡ್ಡ ಸ್ಪೀಕರ್ ತಂದಾಗ ನನಗೂ ಖುಷಿಯಾಗಿತ್ತು. "ದನಿ ಗುಂಯ್ ಅಂತಿದೆ ಕಣೇ, ರೂಮ್ ಲೂಸಾಗಿದೆ, ಫಿಟಿಂಗ್ ಮಾಡ್ಬೇಕು" ಅಂದೆಯಲ್ಲ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನಲವತ್ತು ವರ್ಷ ಊರವರ ಅಂಗಿ ಹೊಲಿದವನು ಈಗ ಗೋಡೆಗಳ ಬೆನ್ನು ಹತ್ತಿದ್ದೀಯ. ಕೊರಳಲ್ಲಿ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ. ಗುಂಯ್ ಎಲ್ಲಿಂದ ಬರುತ್ತದೆಂದು ಮೂಲೆಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತೀಯ; ಪಕ್ಕದ ಮನೆ ಆಂಟಿ "ನಿಮ್ಮಪ್ಪ ಹುಷಾರಾಗಿದಾರೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ನನ್ನ ಹಾಸಿಗೆ ಮೂಲೆಗೆ, ರಜಾಯಿ ಕಿಟಕಿಗೆ, ನಾನು ಚಾಪೆಗೆ. ಹಾಲ್‌ನ ನಟ್ಟನಡುವೆ ಎಳೆದಿಟ್ಟ ಸೋಫಾಗೆ ಎಡವಿ ಎಡವಿ ಕಾಲ್ಬೆರಳು ಊದಿದೆ. ಗುಂಯ್ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಇಷ್ಟನ್ನೂ ಸಹಿಸಿಕೊಂಡೆ. ನಿನ್ನೆ ಗಾರೆಯವನನ್ನು ಕರೆಸಿ, ಅಡುಗೆಮನೆಯ ಗೋಡೆಯೇ ದನಿಯನ್ನು ತಿರುಗಿ ಎಸೆಯುತ್ತಿದೆ, ಸೋಮವಾರ ಕೆಡವಿಬಿಡು ಅಂದೆಯಲ್ಲ, ನನ್ನ ತಲೆ ಕೆಟ್ಟುಹೋಯಿತು. ಆ ಸಿಟ್ಟಿನಲ್ಲೇ ಬೆಳಿಗ್ಗೆ ಪ್ಲೇಯರಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿದೆ. ಇಯರ್‌ಫೋನಿಗೆ ಯಾವ ಹಾಲ್, ಯಾವ ಗೋಡೆ? ಆದರೂ ಗುಂಯ್ ಹಾಗೇ ಇದೆ, ಅಪ್ಪಾ! ಅದು ಕ್ಯಾಸೆಟ್ಟಿನೊಳಗೇ ಇದೆ. ಹಾಡಿನ ನಡುವೆ ನಲ್ಲಿ ನಿಲ್ಲಿಸಿದ ಸದ್ದು ಕೇಳುತ್ತದೆ, ಸೌಟು ಕೆಳಗಿಟ್ಟ ಸದ್ದು ಕೇಳುತ್ತದೆ. ಅಮ್ಮ ಅಡುಗೆಮನೆಯಲ್ಲಿ ನಿಂತು ಹಾಡಿದ್ದಾಳೆ.

ನಾನೂ ಹೋಗಿ ಒಲೆಯ ಮುಂದೆ ನಿಂತು ಒಂದು ಸಾಲು ಹಾಡಿದೆ. ಎದುರಿನ ಆ ಗೋಡೆಯ ಟೈಲ್ಸಿಗೆ ಬಡಿದು ಅದೇ ಗುಂಯ್ ತಿರುಗಿ ಬಂತು. ಅಲ್ಲೇ ಕೂತು ಅತ್ತುಬಿಟ್ಟೆ.

ಗಾರೆಯವನಿಗೆ ಈಗಲೇ ಫೋನ್ ಮಾಡಿ ಬರಬೇಡ ಅನ್ನು. ಅವಳ ದನಿಗೆ ಓಗೊಟ್ಟ ಗೋಡೆ ಅದು. ನೀನು ಕೆಡವಲು ಹೊರಟಿರುವುದೂ ಅದನ್ನೇ.

ನೂರು ವರ್ಷ ಸುಖವಾಗಿರು, ಒಮ್ಮೆಯಾದರೂ ನನ್ನ ಮಾತು ಕೇಳು.

ನಿನ್ನ ಮಗಳು